ಹಳೆಯ ರತ್ನಗಂಬಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನಡುಮನೆಯ ಗೋಡೆಗೆ ಒಂದು ಪುಟ್ಟ ಬಲೂಚ್ ರತ್ನಗಂಬಳಿ (ಬಲೂಚ್ ಬುಡಕಟ್ಟಿನವರು ನೇಯ್ದದ್ದು) ತೂಗುಹಾಕಿದ್ದೇನೆ. ಬಂದವರು ಅದರ ಮುಂಭಾಗ ನೋಡಿ "ಚೆನ್ನಾಗಿದೆ" ಅಂತಾರೆ. ನಾನು ಎದ್ದು ಹೋಗಿ ಅದರ ಮೂಲೆ ಮಡಿಸಿ ಬೆನ್ನು ತೋರಿಸುತ್ತೇನೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚುಕಡಿಮೆ ಎಲ್ಲರೂ ಕೇಳೋದು ಅವೇ ಪ್ರಶ್ನೆಗಳು. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವ್ಯಾಪಾರಿ ಅಲ್ಲ, ಹುಚ್ಚು ಹಿಡಿಸಿಕೊಂಡವನು ಅಷ್ಟೇ.

ರತ್ನಗಂಬಳಿ, ಜಮಖಾನ, ಕಿಲಿಮ್, ಎಲ್ಲ ಒಂದೇ ಅಲ್ವಾ?

ಅಲ್ಲ. ರತ್ನಗಂಬಳಿ ಅಂದರೆ ಗಂಟು ಹಾಕಿ ನೇಯ್ದದ್ದು. ಹಾಸಿನ ಎಳೆಗಳಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ, ಉಣ್ಣೆಯ ಅಥವಾ ರೇಷ್ಮೆಯ ಸಣ್ಣ ಎಳೆಯನ್ನು ಸುತ್ತಿ, ತುದಿ ಕತ್ತರಿಸಿ ಬಿಡುತ್ತಾರೆ. ಹಾಗೆ ನಿಂತ ಸಾವಿರಾರು ತುದಿಗಳೇ ನಾವು ಕಾಲಿಡುವ ಮೆತ್ತನೆ ಭಾಗ. ಇದನ್ನೇ ಪೈಲ್ ಅನ್ನುತ್ತಾರೆ.

ಜಮಖಾನ ಮತ್ತು ಕಿಲಿಮ್ ಚಪ್ಪಟೆ ನೇಯ್ಗೆ. ಗಂಟು ಇಲ್ಲ, ಪೈಲ್ ಇಲ್ಲ. ಅಡ್ಡಕ್ಕೆ ಹಾಯುವ ಬಣ್ಣದ ಹೊಕ್ಕು ನೂಲೇ ಚಿತ್ತಾರ ಮೂಡಿಸುತ್ತದೆ. ಟರ್ಕಿಯ ಕಿಲಿಮ್‌ನಲ್ಲಿ ಎರಡು ಬಣ್ಣ ಸೇರುವ ಕಡೆ ಸಣ್ಣ ಸೀಳು ಕಾಣುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಅದು ಹರಿದದ್ದಲ್ಲ, ನೇಯ್ಗೆಯ ರೀತಿಯೇ ಹಾಗೆ. ಕಾಕಸಸ್ (ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಬೆಟ್ಟದ ಸೀಮೆ) ಕಡೆಯ ಸುಮಾಕ್ ಎಂಬುದು ಇನ್ನೊಂದು ಬಗೆ: ಅದರಲ್ಲಿ ಹೊಕ್ಕನ್ನು ಹಾಸಿನ ಎಳೆಗಳಿಗೆ ಸುತ್ತುತ್ತಾ ಹೋಗುತ್ತಾರೆ, ಹಿಂದುಗಡೆ ನೂಲಿನ ತುದಿಗಳು ಗುಂಗುರಾಗಿ ಜೋತಿರುತ್ತವೆ.

ಎಷ್ಟು ಹಳೆಯದಾದರೆ ಆಂಟಿಕ್?

ವ್ಯಾಪಾರದಲ್ಲಿ 100 ವರ್ಷ ದಾಟಿದ್ದು ಆಂಟಿಕ್. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರವೂ 100 ವರ್ಷವೇ ಗಡಿ. ಅದಕ್ಕಿಂತ ಚಿಕ್ಕದನ್ನು ಸೆಮಿ ಆಂಟಿಕ್ ಅಂತ ಮಾರುತ್ತಾರೆ. ಆ ಮಾತಿಗೆ ಗಟ್ಟಿ ಅರ್ಥ ಏನೂ ಇಲ್ಲ. ಅಂಗಡಿಯವರು 30 ವರ್ಷದ್ದಕ್ಕೂ ಅದನ್ನೇ ಅಂಟಿಸುತ್ತಾರೆ.

ಕೈಯಲ್ಲೇ ನೇಯ್ದದ್ದು ಅಂತ ಹೇಗೆ ತಿಳಿಯೋದು?

ತಿರುಗಿಸಿ ನೋಡಿ. ಮುಖಕ್ಕೆ ಎಷ್ಟು ಬೇಕಾದರೂ ಮೇಕಪ್ ಮಾಡಬಹುದು, ಬೆನ್ನಿಗೆ ಮಾಡೋದು ಕಷ್ಟ.

ಕೈಗಂಟಿನ ರತ್ನಗಂಬಳಿಯ ಬೆನ್ನಿನಲ್ಲೂ ಮುಂದಿನ ಚಿತ್ತಾರವೇ ಸ್ಪಷ್ಟವಾಗಿ ಕಾಣುತ್ತದೆ. ಒಂದೊಂದು ಗಂಟೂ ಜೋಳದ ತೆನೆಯ ಕಾಳಿನ ಹಾಗೆ ಎದ್ದಿರುತ್ತದೆ. ಸಾಲುಗಳು ಪೂರ್ತಿ ನೆಟ್ಟಗಿರುವುದಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸ್ವಲ್ಪ ಸಡಿಲ. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ.

ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅನುಮಾನಪಡಿ. ಅದು ಬಹುಶಃ ಟಫ್ಟೆಡ್. ಕೈಯಲ್ಲಿ ಹಿಡಿಯುವ ಗನ್ನಿನಿಂದ ಬಟ್ಟೆಗೆ ಉಣ್ಣೆ ಚುಚ್ಚಿ, ಹಿಂದೆ ರಬ್ಬರ್ ಅಂಟು ಬಳಿದಿರುತ್ತಾರೆ. "ಹ್ಯಾಂಡ್‌ಮೇಡ್" ಅಂತ ಚೀಟಿ ಇರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೆಲವು ವರ್ಷ ಕಳೆದ ಮೇಲೆ ಆ ಅಂಟು ಪುಡಿಪುಡಿಯಾಗಿ ಉದುರುತ್ತದೆ. ಅದು ಆಂಟಿಕ್ ಆಗುವ ತನಕ ಬಾಳುವುದಿಲ್ಲ.

ಆಮೇಲೆ ಕುಚ್ಚು ನೋಡಿ. ಕೈ ನೇಯ್ಗೆಯಲ್ಲಿ ಕುಚ್ಚು ಅಂದರೆ ಹಾಸಿನ ಎಳೆಗಳ ತುದಿಯೇ. ರತ್ನಗಂಬಳಿಯ ಎಲುಬು ಅಲ್ಲಿ ಹೊರಗೆ ಬಂದಿರುತ್ತದೆ. ಯಂತ್ರದ್ದರಲ್ಲಿ ಸಾಮಾನ್ಯವಾಗಿ ಕುಚ್ಚನ್ನು ಬೇರೆ ತಂದು ಹೊಲಿದಿರುತ್ತಾರೆ. ಅಪ್ಪಟ ಹಳೆಯದಕ್ಕೂ ಸವೆದುಹೋದ ಕುಚ್ಚಿನ ಬದಲು ಹೊಸದು ಹೊಲಿದಿರಬಹುದು. ಹಾಗಾಗಿ ಬರೀ ಕುಚ್ಚು ನೋಡಿ ತೀರ್ಮಾನ ಮಾಡಬೇಡಿ.

ಗಂಟು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಅಂಗಡಿಯವರು ಹಾಗೇ ಹೇಳುತ್ತಾರೆ. ಅರ್ಧ ನಿಜ.

ಎಣಿಸುವುದು ಸುಲಭ. ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು ಗಂಟು, ಉದ್ದಕ್ಕೆ ಎಷ್ಟು ಗಂಟು ಎಣಿಸಿ ಗುಣಿಸಿ. 6 ಅಡಿ ಅಗಲ, 9 ಅಡಿ ಉದ್ದದ ರತ್ನಗಂಬಳಿಯಲ್ಲಿ ಚದರ ಇಂಚಿಗೆ 200 ಗಂಟು ಇದೆ ಅಂದುಕೊಳ್ಳಿ. ಒಟ್ಟು 15 ಲಕ್ಷ ದಾಟುತ್ತದೆ. ಪಳಗಿದ ಕೈ ದಿನಕ್ಕೆ 8,000 ಗಂಟು ಹಾಕಿದರೂ ಒಬ್ಬರಿಗೆ 190 ದಿನಕ್ಕಿಂತ ಜಾಸ್ತಿ ಬೇಕು. ಬೆಲೆ ಯಾಕೆ ಅಷ್ಟು ಅಂತ ಚೌಕಾಶಿಗೆ ಇಳಿಯುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ.

ಕಾಶಾನ್, ಇಸ್ಫಹಾನ್ ಥರದ ಪರ್ಶಿಯಾದ (ಈಗಿನ ಇರಾನಿನ) ಊರುಗಳ ಬಳ್ಳಿ-ಹೂವಿನ ವಿನ್ಯಾಸಕ್ಕೆ ನುಣುಪಾದ ಗೆರೆ ಬೇಕು, ಅದಕ್ಕೆ ಗಂಟು ಜಾಸ್ತಿ ಬೇಕೇ ಬೇಕು. ಕಾಕಸಸ್ ಬೆಟ್ಟದ ಕಜಾಕ್ ರತ್ನಗಂಬಳಿಗೆ ಅದು ಬೇಡ. ದೊಡ್ಡ ನಕ್ಷತ್ರ, ದಪ್ಪ ಗೆರೆ, ಉದ್ದ ಉಣ್ಣೆ. ಚದರ ಇಂಚಿಗೆ 60-70 ಗಂಟು ಇರುವ ಹಳೆಯ ಕಜಾಕ್ ಒಂದರ ಮುಂದೆ 400 ಗಂಟಿನ ಹೊಸ ಮಾಲು ಮಂಕಾಗುತ್ತದೆ. ಗಂಟು ಎಣಿಸಿ ಬೆಲೆ ಕಟ್ಟುವುದು ಸ್ವರ ಎಣಿಸಿ ಸಂಗೀತಕ್ಕೆ ಅಂಕ ಕೊಟ್ಟ ಹಾಗೆ.

ಒಂದು ಮೋಸ ಗೊತ್ತಿರಲಿ. ಸಾಮಾನ್ಯವಾಗಿ ಎರಡು ಹಾಸಿನ ಎಳೆಗೆ ಒಂದು ಗಂಟು. ಕೆಲಸ ಬೇಗ ಮುಗಿಸಲು ನಾಲ್ಕು ಎಳೆಗೆ ಒಂದು ಗಂಟು ಹಾಕುವುದುಂಟು. ಇದಕ್ಕೆ ಜುಫ್ತಿ ಅನ್ನುತ್ತಾರೆ. ಉಣ್ಣೆಯ ಖರ್ಚು ಅರ್ಧ ಉಳಿಯುತ್ತದೆ, ರತ್ನಗಂಬಳಿ ಬೇಗ ಸವೆಯುತ್ತದೆ.

ಟರ್ಕಿ ಗಂಟು, ಪರ್ಶಿಯನ್ ಗಂಟು ಅಂದರೇನು?

ಟರ್ಕಿ ಗಂಟಿನಲ್ಲಿ ಎಳೆ ಎರಡೂ ಹಾಸುಗಳನ್ನು ಸುತ್ತಿ, ಎರಡು ತುದಿಗಳೂ ನಡುವಿನಿಂದ ಹೊರಬರುತ್ತವೆ. ಪರ್ಶಿಯನ್ ಗಂಟಿನಲ್ಲಿ ಒಂದು ಹಾಸನ್ನು ಪೂರ್ತಿ ಸುತ್ತಿ, ಇನ್ನೊಂದರ ಹಿಂದಿನಿಂದ ಹಾಯುತ್ತದೆ. ತುದಿಗಳು ಬೇರೆಬೇರೆಯಾಗಿ ಹೊರಬರುತ್ತವೆ. ಪರ್ಶಿಯನ್ ಗಂಟಿಗೆ ಇನ್ನೊಂದು ಹೆಸರು ಸೆನ್ನೆ. ತಮಾಷೆ ಅಂದರೆ, ಇರಾನಿನ ಸೆನ್ನೆ ಊರಿನವರು ಹಾಕುವುದು ಟರ್ಕಿ ಗಂಟು! ಹೆಸರಿಟ್ಟವರು ಆ ಊರಿಗೆ ಹೋಗಿರಲಿಲ್ಲ ಅಂತ ಕಾಣುತ್ತದೆ.

ಟಿಬೆಟ್‌ನ ರೀತಿಯೇ ಬೇರೆ. ಅಲ್ಲಿ ಹಾಸಿನ ಮೇಲೆ ಅಡ್ಡಲಾಗಿ ಒಂದು ಸರಳು ಇಟ್ಟು, ಅದರ ಮೇಲೆ ಉಣ್ಣೆಯನ್ನು ಸುತ್ತುತ್ತಾ ಹೋಗಿ, ಸಾಲು ಮುಗಿದ ಮೇಲೆ ಚಾಕುವಿನಿಂದ ಸರಳಿನ ಉದ್ದಕ್ಕೂ ಸೀಳುತ್ತಾರೆ. ಒಂದೇ ಸಲ ಇಡೀ ಸಾಲಿನ ಪೈಲ್ ಎದ್ದು ನಿಲ್ಲುತ್ತದೆ. ನೋಡಲು ಮಜಾ ಇರುತ್ತದೆ.

ಯಾವ ಸೀಮೆಯದು ಅಂತ ಗುರುತು ಹಿಡಿಯುವುದು ಹೇಗೆ?

ಚಿತ್ತಾರ ನೋಡಿ ಹೇಳಲು ಹೋಗಬೇಡಿ. ಚಿತ್ತಾರ ಕದಿಯುವುದು ಸುಲಭ. ಇರಾನಿನ ತಬ್ರೀಜ್‌ನ ವಿನ್ಯಾಸ ಉತ್ತರ ಪ್ರದೇಶದ ಭದೋಹಿಯಲ್ಲೂ ನೇಯುತ್ತಾರೆ, ಲಾಹೋರಿನಲ್ಲೂ ನೇಯುತ್ತಾರೆ. ಕೈ ಪಳಗಿದ ನೇಯ್ಗೆಯ ರೀತಿಯನ್ನು ಮಾತ್ರ ಬದಲಾಯಿಸುವುದು ಕಷ್ಟ. ಅದು ಇರುವುದು ಬೆನ್ನಿನಲ್ಲಿ, ಹಾಸು ಹೊಕ್ಕಿನಲ್ಲಿ.

ಪರ್ಶಿಯಾದ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಹಾಸು ಹತ್ತಿಯದು, ಕುಚ್ಚು ಬೆಳ್ಳಗಿರುತ್ತದೆ. ಅಲೆಮಾರಿಗಳದ್ದು ಹಾಸು ಹೊಕ್ಕು ಎಲ್ಲ ಉಣ್ಣೆ. ಕುರಿ ಜೊತೆಗಿತ್ತು, ಹತ್ತಿ ಇರಲಿಲ್ಲ, ಅಷ್ಟೇ ಕಾರಣ. ಹಮದಾನ್ ಸುತ್ತಲಿನ ಹಳ್ಳಿಗಳದ್ದನ್ನು ತಿರುಗಿಸಿದರೆ ಬಿಳಿ ಹತ್ತಿ ಹಾಸು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಯಾಕೆಂದರೆ ಅವರು ಗಂಟಿನ ಸಾಲುಗಳ ನಡುವೆ ಒಂದೇ ಹೊಕ್ಕು ಹಾಕುತ್ತಾರೆ. ಬಿಜಾರ್‌ನವರು ದಪ್ಪ ಹೊಕ್ಕು ಹಾಕಿ ಕಬ್ಬಿಣದ ಬಾಚಣಿಗೆಯಿಂದ ಗುದ್ದಿ ಗುದ್ದಿ ಕೂರಿಸುತ್ತಾರೆ. ಹಳೆಯ ಬಿಜಾರ್ ಹಲಗೆಯ ಹಾಗಿರುತ್ತದೆ. ಮಡಚಿದರೆ ಹಾಸು ಪಟ್ ಅಂತ ಮುರಿಯಬಹುದು. ಅದನ್ನು ಸುರುಳಿ ಸುತ್ತಬೇಕು, ಮಡಚಬಾರದು. ಹೆರಿಜ್ ಅಂದರೆ ನಡುವೆ ಪದಕದಂಥ ದೊಡ್ಡ ಕೋನಕೋನದ ಚಿತ್ತಾರ, ಇಟ್ಟಿಗೆ ಕೆಂಪು, ಒರಟು, ಗಟ್ಟಿ. ನನಗೆ ಪಟ್ಟಣದ ನಾಜೂಕು ಮಾಲಿಗಿಂತ ಇಂಥವೇ ಇಷ್ಟ.

ಟರ್ಕಿಯಲ್ಲಿ ಹೆಸರಾದ ಊರುಗಳು ಉಶಾಕ್, ಬೆರ್ಗಾಮಾ, ಲಾದಿಕ್, ಮಿಲಾಸ್. ಯುರೋಪಿನ ಶ್ರೀಮಂತರು 16ನೇ ಶತಮಾನದಲ್ಲಿ ಟರ್ಕಿಯ ರತ್ನಗಂಬಳಿ ತರಿಸಿ ನೆಲಕ್ಕಲ್ಲ, ಮೇಜಿನ ಮೇಲೆ ಹಾಸುತ್ತಿದ್ದರು. ಆ ಕಾಲದ ವರ್ಣಚಿತ್ರಗಳಲ್ಲಿ ಕಂಡದ್ದರಿಂದ ಕೆಲವು ಟರ್ಕಿ ವಿನ್ಯಾಸಗಳಿಗೆ ಹೋಲ್ಬೈನ್, ಲೋಟೋ ಎಂದು ಚಿತ್ರಕಾರರ ಹೆಸರೇ ಅಂಟಿಕೊಂಡಿದೆ. ನೇಯ್ದ ಹೆಂಗಸಿನ ಹೆಸರು ಯಾರಿಗೂ ಬೇಕಿರಲಿಲ್ಲ.

ಕಾಕಸಸ್‌ನಲ್ಲಿ ಕಜಾಕ್, ಶಿರ್ವಾನ್, ಕುಬಾ, ಕರಬಾಖ್. ಕಜಾಕ್‌ಗೂ ಕಜಕಸ್ತಾನಕ್ಕೂ ಸಂಬಂಧವಿಲ್ಲ. ಈಗ ಅಂಗಡಿಗಳಲ್ಲಿ ಕಜಾಕ್ ಅಂತ ಮಾರುವ ಹೊಸದು ಬಹುತೇಕ ಅಫ್ಘಾನಿಸ್ತಾನ, ಪಾಕಿಸ್ತಾನದ್ದು.

ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರದ್ದು ಇವೆಲ್ಲಕ್ಕಿಂತ ಬೇರೆ. ಗಂಟಿಲ್ಲ, ಚಪ್ಪಟೆ ನೇಯ್ಗೆ, ನಿಂತ ಮಗ್ಗ. ಹಾಸಿನ ಎಳೆ ತುಂಡಾಗದೆ ಸುತ್ತಿ ಬರುತ್ತದೆ. ಹಾಗಾಗಿ ಅವರ ಸಾಂಪ್ರದಾಯಿಕ ನೇಯ್ಗೆಗೆ ಕುಚ್ಚೇ ಇರುವುದಿಲ್ಲ. ಕುಚ್ಚು ಇರುವ "ನವಾಹೋ" ಕಂಡರೆ ಅದು ಬಹುಶಃ ಮೆಕ್ಸಿಕೋದ್ದೋ ಭಾರತದ್ದೋ ಇರಬಹುದು.

ಬೊಖಾರಾ ರತ್ನಗಂಬಳಿ ಬೊಖಾರಾದ್ದಾ?

ಬ್ಯಾಡಗಿ ಮೆಣಸಿನಕಾಯಿಯೆಲ್ಲ ಬ್ಯಾಡಗಿ ಊರೊಳಗೇ ಬೆಳೆಯುತ್ತದಾ? ಇದೂ ಹಾಗೇ. ಬೊಖಾರಾ ಅನ್ನುವುದು ಇವು ಮಾರಾಟವಾಗುತ್ತಿದ್ದ ಮಧ್ಯ ಏಷ್ಯಾದ ಮಾರುಕಟ್ಟೆ ಊರಿನ ಹೆಸರು. ನೇಯುತ್ತಿದ್ದವರು ತುರ್ಕಮೆನ್ ಬುಡಕಟ್ಟಿನ ಹೆಂಗಸರು: ತೆಕ್ಕೆ, ಸಾಲೋರ್, ಯೋಮುತ್, ಎರ್ಸಾರಿ. ಕೆಂಪು ನೆಲ, ಅದರ ಮೇಲೆ ಸಾಲು ಸಾಲಾಗಿ ಎಂಟು ಮೂಲೆಯ ಗುರುತು. ಆ ಗುರುತಿಗೆ ಗುಲ್ ಅನ್ನುತ್ತಾರೆ. ಬುಡಕಟ್ಟಿನಿಂದ ಬುಡಕಟ್ಟಿಗೆ ಗುಲ್ ಬೇರೆ.

ಅವರು ನೆಲಕ್ಕೆ ಮಾತ್ರ ನೇಯಲಿಲ್ಲ. ಗುಡಾರದ ಬಾಗಿಲಿಗೆ ಪರದೆ, ಬಟ್ಟೆಬರೆ ತುಂಬುವ ಚೀಲ, ಮದುವೆ ಮೆರವಣಿಗೆಯ ಒಂಟೆಯ ಪಕ್ಕೆಗೆ ಐದು ಮೂಲೆಯ ಅಲಂಕಾರ, ಎಲ್ಲವೂ ಗಂಟಿನ ನೇಯ್ಗೆಯೇ. ಇವತ್ತು ಸಂಗ್ರಹಕಾರರು ಹುಡುಕುವುದು ಇವನ್ನೇ. ಚೀಲದ ಮುಂಭಾಗ ಮಾತ್ರ ಉಳಿದು ಹಿಂಭಾಗ ಕತ್ತರಿಸಿ ಹೋಗಿರುವುದು ಮಾಮೂಲಿ.

ಸಹಜ ಬಣ್ಣ, ಕೆಮಿಕಲ್ ಬಣ್ಣ ಅಂತಾರಲ್ಲ, ನೋಡಿದರೆ ತಿಳಿಯುತ್ತದಾ?

ಸ್ವಲ್ಪ ಮಟ್ಟಿಗೆ. ಮೊದಲು ಕಾಲ ತಿಳಿದುಕೊಳ್ಳಿ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹುಡುಗ ಮಲೇರಿಯಾ ಔಷಧ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಆಗ ಅವನಿಗೆ 18 ವರ್ಷ. ಅಲ್ಲಿಂದ ಒಂದಾದ ಮೇಲೆ ಒಂದು ಕೃತಕ ಬಣ್ಣ ಬಂದವು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲೆಮಾರಿಗಳ ಗುಡಾರವನ್ನೂ ಮುಟ್ಟಿದವು. ಅದಕ್ಕೂ ಮುಂಚೆ ಕೆಂಪಿಗೆ ಮಂಜಿಷ್ಠದ ಬೇರು, ಇಲ್ಲವೇ ಅರಗು. ನೀಲಿಗೆ ನೀಲಿ ಗಿಡ. ಹಳದಿಗೆ ದಾಳಿಂಬೆ ಸಿಪ್ಪೆ ಮತ್ತು ಊರಿಗೊಂದು ಗಿಡ. ಹಸಿರಿಗೆ ಹಳದಿ ಮತ್ತು ನೀಲಿ ಎರಡರಲ್ಲೂ ಅದ್ದಬೇಕು.

ಹಳೆಯ ಕಾಲದ ಅಗ್ಗದ ಕೃತಕ ಬಣ್ಣಗಳಿಗೆ ಬಿಸಿಲು ಆಗುವುದಿಲ್ಲ. ಪೈಲನ್ನು ಎರಡು ಹೆಬ್ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡದಲ್ಲಿ ಢಾಳಾದ ಗುಲಾಬಿ, ತುದಿಯಲ್ಲಿ ಬೂದಿ ಬಣ್ಣ ಇದ್ದರೆ ಅಂಥದ್ದೇ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಹತ್ತುತ್ತದೆ.

ನನಗೆ ಇಷ್ಟದ ಗುರುತು ಇನ್ನೊಂದಿದೆ. ಹಳೆಯ ಕಪ್ಪು ಮತ್ತು ಕಡು ಕಂದು ಬಣ್ಣದಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ಅದು ಉಣ್ಣೆಯನ್ನು ನಿಧಾನವಾಗಿ ತಿನ್ನುತ್ತದೆ. ನೂರು ವರ್ಷ ಆಗುವ ಹೊತ್ತಿಗೆ ಕಪ್ಪು ಗೆರೆಗಳು ಮಾತ್ರ ತಗ್ಗಾಗಿ, ಉಳಿದ ಬಣ್ಣ ಉಬ್ಬಿ ನಿಲ್ಲುತ್ತದೆ. ನಮ್ಮ ಗೋಡೆಯ ಬಲೂಚ್ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿದರೂ ಕಪ್ಪು ಎಲ್ಲಿದೆ ಅಂತ ಹೇಳಬಹುದು. ನಕಲಿ ಮಾಡುವವರು ಕತ್ತರಿಯಿಂದ ಇದನ್ನೂ ಮಾಡುತ್ತಾರೆ. ಆದರೆ ಕತ್ತರಿ ಆಡಿಸಿದ್ದು ಸಮವಾಗಿರುತ್ತದೆ, ಕಾಲ ತಿಂದದ್ದು ಸಮವಾಗಿರುವುದಿಲ್ಲ.

ಒಂದೇ ಕೆಂಪು ಮಧ್ಯದಲ್ಲಿ ಬೇರೆ ಕೆಂಪಾಗಿದೆ. ಡಿಫೆಕ್ಟಾ?

ಅಲ್ಲ. ಅದಕ್ಕೆ ಅಬ್ರಶ್ ಅಂತ ಹೆಸರು. ಒಂದು ಸಲ ಅದ್ದಿದ ನೂಲು ಮುಗಿಯಿತು, ಮತ್ತೆ ಅದ್ದಿದರು, ಬಣ್ಣ ಒಂಚೂರು ಬೇರೆ ಬಂತು. ಯಾವಾಗಲೂ ಅಡ್ಡ ಪಟ್ಟೆಯಾಗಿ ಬರುತ್ತದೆ, ಯಾಕೆಂದರೆ ನೇಯ್ಗೆ ಸಾಗುವುದು ಸಾಲು ಸಾಲಾಗಿ. ನಡುವೆ ಗುಂಡಗೆ ಮಾಸಿದ್ದರೆ ಮಾತ್ರ ಅದು ಅಬ್ರಶ್ ಅಲ್ಲ, ಯಾರೋ ಏನೋ ಚೆಲ್ಲಿದ್ದಾರೆ.

ದೇವರೊಬ್ಬನೇ ಪರಿಪೂರ್ಣ ಅಂತ ನೇಕಾರರು ಬೇಕಂತಲೇ ಒಂದು ತಪ್ಪು ಬಿಡುತ್ತಾರಂತೆ?

ಅಂಗಡಿಯಲ್ಲಿ ಚಹಾ ಕೊಡುವಾಗ ಹೇಳುವ ಕಥೆ. ಕೇಳಲು ಚೆಂದ. ಲಕ್ಷಾಂತರ ಗಂಟು ಹಾಕುವವರಿಗೆ ತಪ್ಪು ಮಾಡಲು ಪ್ರಯತ್ನ ಬೇಕಾಗಿಲ್ಲ, ಅದು ತಾನಾಗಿಯೇ ಆಗುತ್ತದೆ. ಆದರೆ ನವಾಹೋ ನೇಯ್ಗೆಯಲ್ಲಿ ಒಳಗಿನ ನೆಲದಿಂದ ಅಂಚನ್ನು ದಾಟಿ ಹೊರಗೆ ಹೋಗುವ ಒಂದು ತೆಳು ಗೆರೆ ಕಂಡರೆ, ಅದು ಬೇಕಂತಲೇ ಇಟ್ಟದ್ದು. ನೇಯ್ದವರ ಮನಸ್ಸು ಅಂಚಿನೊಳಗೆ ಸಿಕ್ಕಿಬೀಳಬಾರದು ಅಂತ ಬಿಟ್ಟ ದಾರಿ.

ಇಸವಿ ನೇಯ್ದಿದ್ದರೆ ನಂಬಬಹುದಾ?

ನಂಬಿ, ಆದರೆ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಹಿಜರಿ ವರ್ಷ, ಅಂದರೆ ಇಸ್ಲಾಮೀ ಪಂಚಾಂಗದ ವರ್ಷ, ಇರುತ್ತದೆ. ಅದರಲ್ಲಿ ನೂರಕ್ಕೆ ಮೂರು ಕಳೆದು 622 ಕೂಡಿಸಿ. 1320 ಇದ್ದರೆ 40 ಕಳೆದು 1280, 622 ಕೂಡಿಸಿದರೆ 1902. ಕರಬಾಖ್ ಕಡೆ ಅರ್ಮೇನಿಯನ್ನರು ನೇಯ್ದದ್ದರಲ್ಲಿ ನೇರವಾಗಿ ಕ್ರಿಸ್ತಶಕವೇ ಇರಬಹುದು. ಒಂದೆರಡು ಗಂಟು ಕಿತ್ತು ಬೇರೆ ಹಾಕಿದರೆ ಅಂಕಿ ಬದಲಾಗಿ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಹಾಗೆ ಮಾಡಿದ್ದು ಬೆನ್ನಿನಲ್ಲಿ ಸಿಕ್ಕಿಬೀಳುತ್ತದೆ, ಆ ಜಾಗದ ಗಂಟು ಉಬ್ಬಿರುತ್ತದೆ.

ಅಂಕಿಗಿಂತ ಊರಿನ ಚರಿತ್ರೆ ಕೆಲಸಕ್ಕೆ ಬರುತ್ತದೆ. ಇರಾನಿನ ಕೂಮ್‌ನಲ್ಲಿ ರತ್ನಗಂಬಳಿ ಉದ್ಯಮ ಬೆಳೆದದ್ದೇ 1930ರ ದಶಕದಲ್ಲಿ. ಹಾಗಾಗಿ "150 ವರ್ಷದ ಕೂಮ್ ರೇಷ್ಮೆ" ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಜಗತ್ತಿನ ಅತಿ ಹಳೆಯ ರತ್ನಗಂಬಳಿ ಯಾವುದು?

ಪೂರ್ತಿಯಾಗಿ ಉಳಿದದ್ದರಲ್ಲಿ ಪಾಜೀರಿಕ್. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಒಂದು ಸಮಾಧಿಯಲ್ಲಿ 1949ರಲ್ಲಿ ಸೆರ್ಗೆಯ್ ರುಡೆಂಕೋ ಎಂಬ ಪುರಾತತ್ವಜ್ಞರಿಗೆ ಸಿಕ್ಕಿತು. ಸುಮಾರು 2,400 ವರ್ಷ ಹಳೆಯದು. ಕಳ್ಳರು ಸಮಾಧಿ ಕೊರೆದು ಬೆಲೆಬಾಳುವುದನ್ನೆಲ್ಲ ಒಯ್ದಿದ್ದರು. ಅವರು ಕೊರೆದ ತೂತಿನಿಂದ ನೀರು ಇಳಿದು ಒಳಗೆಲ್ಲ ಹೆಪ್ಪುಗಟ್ಟಿತು. ಕಳ್ಳರು ಬೇಡ ಅಂತ ಬಿಟ್ಟುಹೋದ ರತ್ನಗಂಬಳಿಯನ್ನು ಆ ಮಂಜುಗಡ್ಡೆಯೇ ಕಾಪಾಡಿತು. ಹೆಚ್ಚುಕಡಿಮೆ ಎರಡು ಮೀಟರ್ ಚೌಕ, ಅಂಚಿನಲ್ಲಿ ಕುದುರೆ ಸವಾರರು, ಜಿಂಕೆಗಳು. ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿದೆ.

ಅತಿ ಹೆಸರುವಾಸಿ ಅಂದರೆ ಅರ್ದಬಿಲ್ ಎಂಬ ಪರ್ಶಿಯನ್ ರತ್ನಗಂಬಳಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹತ್ತೂವರೆ ಮೀಟರ್ ಉದ್ದ, ಸುಮಾರು 2 ಕೋಟಿ 60 ಲಕ್ಷ ಗಂಟು. ಹಿಜರಿ 946 ಎಂಬ ಇಸವಿಯೂ ಮಕ್ಸೂದ್ ಕಾಶಾನಿ ಎಂಬ ಹೆಸರೂ ಅದರಲ್ಲೇ ನೇಯ್ದಿದೆ. ಅಂದರೆ 1539-40. ಮ್ಯೂಸಿಯಂ ಇದನ್ನು 1893ರಲ್ಲಿ 2,000 ಪೌಂಡಿಗೆ ಕೊಂಡಿತು. ಎಲ್ಲರೂ ಹೇಳದ ವಿಷಯ ಒಂದಿದೆ. ಮೂಲದಲ್ಲಿ ಇದ್ದದ್ದು ಜೋಡಿ. ಇದನ್ನು ರಿಪೇರಿ ಮಾಡಲು ಇನ್ನೊಂದನ್ನು ಕತ್ತರಿಸಿ ತೇಪೆ ಹಾಕಿದರು. ಅಂಚು ಕಳೆದುಕೊಂಡ ಆ ಎರಡನೆಯದು ಈಗ ಲಾಸ್ ಏಂಜಲೀಸ್‌ನ ಒಂದು ಮ್ಯೂಸಿಯಂನಲ್ಲಿದೆ. ಕ್ಯಾಲಿಫೋರ್ನಿಯಾ ಕಡೆಯ ಗೆಳೆಯರು ಅಲ್ಲಿಗೆ ಹೋದಾಗ ವಿಚಾರಿಸಿ ನೋಡಿ, ಅದು ಯಾವಾಗಲೂ ಪ್ರದರ್ಶನಕ್ಕೆ ಇರುವುದಿಲ್ಲ.

ಅತಿ ಹೆಚ್ಚು ಬೆಲೆಗೆ ಹೋದದ್ದು?

2013ರ ಜೂನ್‌ನಲ್ಲಿ ನ್ಯೂಯಾರ್ಕಿನ ಸೋದ್‌ಬೀಸ್ ಹರಾಜಿನಲ್ಲಿ ಪರ್ಶಿಯಾದ 17ನೇ ಶತಮಾನದ ಒಂದು ರತ್ನಗಂಬಳಿ 3 ಕೋಟಿ 37 ಲಕ್ಷ ಡಾಲರಿಗೆ ಹೋಯಿತು. ಕುಡುಗೋಲಿನಂತೆ ಬಾಗಿದ ಎಲೆಗಳ ವಿನ್ಯಾಸ. ಇದನ್ನು ಓದಿ ಅಜ್ಜಿಯ ಪೆಟ್ಟಿಗೆ ತೆಗೆಯಲು ಓಡಬೇಡಿ.

ನಮ್ಮ ಕರ್ನಾಟಕದ್ದು ಏನೂ ಇಲ್ವಾ?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಇದೆ, ನಾವೇ ಮರೆತಿದ್ದೇವೆ.

ಬೆಂಗಳೂರಿನ ರತ್ನಗಂಬಳಿಗೆ ಬ್ರಿಟಿಷರ ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಆ ಕಾಲದ ಗೆಜೆಟಿಯರ್ ಅದರ ಬಾಳಿಕೆಯನ್ನು ಹೊಗಳುತ್ತದೆ, ಎರಡೂ ಬದಿಗೆ ಒಂದೇ ಚಿತ್ತಾರ ಕಾಣುವುದು ಅದರ ವಿಶೇಷ ಅನ್ನುತ್ತದೆ. ಇದಲ್ಲದೆ ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ಪರ್ಶಿಯಾ, ಟರ್ಕಿ ವಿನ್ಯಾಸ ನೋಡಿ ಪೈಲ್ ಇರುವ ರತ್ನಗಂಬಳಿ ನೇಯುತ್ತಿದ್ದರು. ಆ ಜೈಲು ಇದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್. ಧರಣಿಗೆ ಹೋದವರು ಕೂತದ್ದು ಎಲ್ಲಿ ಅಂತ ಗೊತ್ತಾಯಿತಲ್ಲ! ಆಗ್ರಾ, ಯರವಡಾ ಜೈಲುಗಳಲ್ಲೂ ಇದೇ ಕೆಲಸ ನಡೆಯುತ್ತಿತ್ತು. ವಿಂಡ್ಸರ್ ಅರಮನೆಯ ವಾಟರ್ಲೂ ಕೋಣೆಯ ಭಾರಿ ರತ್ನಗಂಬಳಿ ಆಗ್ರಾ ಕೈದಿಗಳ ಕೈಕೆಲಸ. ಜೈಲಿನ ಮಾಲಿಗೆ ಈಗ ಒಳ್ಳೆಯ ಸಂಗ್ರಹ ಬೆಲೆ ಇದೆ. ನೇಯ್ದವರಿಗೆ ಏನು ಸಿಕ್ಕಿತ್ತು ಅನ್ನುವುದು ಬೇರೆ ಮಾತು.

ಇನ್ನೂ ಹಿಂದೆ ಹೋದರೆ ದಖ್ಖನ್ನಿನ ನೇಯ್ಗೆ ಜಪಾನಿಗೂ ಹೋಗಿತ್ತು. ಕ್ಯೋಟೋದಲ್ಲಿ ಗಿಯಾನ್ ಹಬ್ಬದ ರಥಗಳಿಗೆ ಹೊದಿಸುವ ಹಳೆಯ ವಸ್ತ್ರಗಳಲ್ಲಿ ಡಚ್ಚರ ಹಡಗಿನಲ್ಲಿ ಹೋದ ಭಾರತದ ರತ್ನಗಂಬಳಿಗಳಿವೆ. ಅವುಗಳಲ್ಲಿ ಕೆಲವನ್ನು ದಖ್ಖನ್ನಿನವು ಅಂತ ಪರಿಣತರು ಗುರುತಿಸಿದ್ದಾರೆ. ವಿಜಯಪುರಕ್ಕೆ ಹೋದರೆ ಗೋಲಗುಮ್ಮಟದ ಮುಂದಿನ ಮ್ಯೂಸಿಯಂನಲ್ಲೂ ಹಳೆಯ ರತ್ನಗಂಬಳಿಗಳನ್ನು ನೋಡಬಹುದು. ಜನ ಗುಮ್ಮಟದಲ್ಲಿ ಕೂಗು ಹಾಕಿ ಹಾಗೇ ಹೊರಟುಬಿಡುತ್ತಾರೆ.

ಚಪ್ಪಟೆ ನೇಯ್ಗೆಗೆ ಬಂದರೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ. ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಮನೆಯೊಳಗೆ ನಿಂತ ಮಗ್ಗದ ಮುಂದೆ ಕೂತು ಮುಸ್ಲಿಂ ಹೆಣ್ಣುಮಕ್ಕಳು ನೇಯುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದ ಮನೆತನಗಳು ಅಂತ ಅವರೇ ಹೇಳಿಕೊಳ್ಳುತ್ತಾರೆ. ಪಗಡೆ ಹಾಸು, ನವಿಲು, ಢಾಳಾದ ಬಣ್ಣ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮದುವೆಗೆ, ಭಜನೆಗೆ ಮಾತ್ರ ಹೊರಬರುತ್ತಿದ್ದ ಒಂದಿತ್ತು. ನಡುವೆ ಪಗಡೆ ಹಾಸಿನ ಚಿತ್ತಾರ. ಮದುವೆ ಗದ್ದಲದಲ್ಲಿ ನಾವು ಮಕ್ಕಳು ಅದರ ಮೇಲೆ ಕವಡೆ ಇಟ್ಟು ಆಡಿ ಬೈಸಿಕೊಂಡದ್ದು ನೆನಪಿದೆ. ಈಗ ಕೇಳಿದರೆ ಹಳೇದಾಯ್ತು ಅಂತ ಯಾರಿಗೋ ಕೊಟ್ಟುಬಿಟ್ಟಿದ್ದಾರೆ.

ಬೈಲಕುಪ್ಪೆ ಮತ್ತು ಮುಂಡಗೋಡದ ಟಿಬೆಟನ್ ಶಿಬಿರಗಳಲ್ಲಿ ಆ ಸರಳಿನ ನೇಯ್ಗೆಯೂ ನಮ್ಮ ರಾಜ್ಯಕ್ಕೆ ಬಂತು. ಮಲಗುವ ಹಾಸಿಗೆಗೆಂದೇ 3 ಅಡಿ ಅಗಲ 6 ಅಡಿ ಉದ್ದದ್ದು ಅವರ ಮಾಮೂಲಿ ಅಳತೆ. ಆಂಟಿಕ್ ಅಲ್ಲ. ಆದರೆ ನೇಯ್ದವರನ್ನು ಕಂಡು, ಕೇಳಿ ಕೊಳ್ಳಬಹುದು.

ಶುದ್ಧ ರೇಷ್ಮೆ ಅಂತ ಕೊಟ್ಟರು. ನಿಜವೇ?

ನನ್ನ ಅನುಭವ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಶ್ರೀನಗರಕ್ಕೆ ಹೋಗಿದ್ದಾಗ ಗಾಡಿಯವನು ಒಂದು ಅಂಗಡಿಗೆ ಕರೆದೊಯ್ದ. ಕಹವಾ ಕೊಟ್ಟರು. ರತ್ನಗಂಬಳಿಯನ್ನು ಗಾಳಿಯಲ್ಲಿ ತಿರುಗಿಸಿ ಎಸೆದು, ಒಂದು ಕಡೆಯಿಂದ ತಿಳಿ, ಇನ್ನೊಂದು ಕಡೆಯಿಂದ ಗಾಢ ಬಣ್ಣ ತೋರಿಸಿದರು. ಮರುಳಾದೆ. ಊರಿಗೆ ತಂದು ಕುಚ್ಚಿನ ಪಕ್ಕದ ಪೈಲಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಕಾಗದ ಸುಟ್ಟ ವಾಸನೆ. ಅಂದರೆ ರೇಷ್ಮೆ ಅಲ್ಲ, ಬಹುಶಃ ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ಕೃತಕ ನೂಲು). ರೇಷ್ಮೆ, ಉಣ್ಣೆ ಎರಡಕ್ಕೂ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಬಿಲ್ ತೆಗೆದು ನೋಡಿದರೆ "ಆರ್ಟ್ ಸಿಲ್ಕ್" ಅಂತ ಬರೆದಿತ್ತು. ನಾನು ಅದನ್ನು ಕಲೆಯ ರೇಷ್ಮೆ ಅಂದುಕೊಂಡಿದ್ದೆ. ಅದು ಆರ್ಟಿಫಿಶಿಯಲ್‌ನ ಆರ್ಟ್. ತಿರುಗಿಸಿದಾಗ ಬಣ್ಣ ಬದಲಾಗುವುದಕ್ಕೂ ರೇಷ್ಮೆಗೂ ಸಂಬಂಧವಿಲ್ಲ. ಪೈಲ್ ಒಂದೇ ದಿಕ್ಕಿಗೆ ವಾಲಿರುತ್ತದೆ, ಯಾವುದೇ ರತ್ನಗಂಬಳಿಯಲ್ಲೂ ಹಾಗೆ ಕಾಣುತ್ತದೆ.

ಕಾಶ್ಮೀರದಲ್ಲಿ ಒಳ್ಳೆಯ ಕೆಲಸ ಇಲ್ಲ ಅಂತಲ್ಲ. ಅಲ್ಲಿನವರು ವಿನ್ಯಾಸವನ್ನು ಚಿತ್ರವಾಗಿ ನೋಡಿ ನೇಯುವುದಿಲ್ಲ, ತಾಲೀಮ್ ಎಂಬ ಸಂಕೇತ ಬರಹ ಓದಿ ನೇಯುತ್ತಾರೆ. ಎಷ್ಟು ಗಂಟು, ಯಾವ ಬಣ್ಣ, ಸಾಲಿನಿಂದ ಸಾಲಿಗೆ. ಒಬ್ಬ ಜೋರಾಗಿ ಓದುತ್ತಾನೆ, ಉಳಿದವರು ಗಂಟು ಹಾಕುತ್ತಾರೆ. ಶಾಲು ನೇಯ್ಗೆಯಿಂದ ಬಂದ ಪದ್ಧತಿ ಅದು. ಈಗ ಅಲ್ಲಿನ ಕೈಗಂಟಿನ ರತ್ನಗಂಬಳಿಗೆ ಜಿಐ ಚೀಟಿ, ಕ್ಯೂಆರ್ ಕೋಡ್ ಬಂದಿದೆ. ಅದಿಲ್ಲದೆ ದೊಡ್ಡ ಮೊತ್ತ ಕೊಡಬೇಡಿ.

ಟ್ಯಾಂಕು, ಬಂದೂಕು ಇರುವ ರತ್ನಗಂಬಳಿ ನೋಡಿದೆ. ಏನದು?

ಅಫ್ಘಾನಿಸ್ತಾನದ್ದು. 1979ರಲ್ಲಿ ಸೋವಿಯತ್ ಸೇನೆ ಬಂದ ಮೇಲೆ ನೇಕಾರರು ಹೂವಿನ ಜಾಗದಲ್ಲಿ ಹೆಲಿಕಾಪ್ಟರ್, ಕಲಾಶ್ನಿಕೋವ್ ನೇಯತೊಡಗಿದರು. ಮೊದಮೊದಲಿನವಕ್ಕೆ ಸಂಗ್ರಹಕಾರರಲ್ಲಿ ಬೇಡಿಕೆ ಇದೆ. ಆಮೇಲಿನವು ಹೆಚ್ಚಾಗಿ ಸೈನಿಕರಿಗೆ, ಪ್ರವಾಸಿಗರಿಗೆ ಮಾರಲು ಮಾಡಿದ್ದು.

ಮಳೆಗಾಲದಲ್ಲಿ ಕಾಪಾಡೋದು ಹೇಗೆ?

ಮಲೆನಾಡು, ಕರಾವಳಿಯವರಿಗೆ ಇದೇ ದೊಡ್ಡ ತಲೆನೋವು. ತೇವ ಹಿಡಿದ ಹತ್ತಿ ಹಾಸು ಒಳಗೇ ಕೊಳೆಯುತ್ತದೆ. ಮಡಚಿದಾಗ ಚರಚರ ಸದ್ದು ಬಂದರೆ ಅದೇ. ಅದಕ್ಕೆ ಮದ್ದಿಲ್ಲ. ಕೊಳ್ಳುವಾಗಲೂ ಒಂದು ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ ಕೇಳಿ.

ಇನ್ನೊಂದು ಶತ್ರು ಉಣ್ಣೆ ತಿನ್ನುವ ಹುಳ. ಅದಕ್ಕೆ ಕತ್ತಲೆ, ಧೂಳು, ಅಲುಗಾಡದ ಜಾಗ ಬೇಕು. ಒಂದು ವರ್ಷ ನಾನು ಒಂದು ಬಲೂಚ್ ಸುತ್ತಿ ಮಂಚದ ಕೆಳಗೆ ಇಟ್ಟು ಮಳೆಗಾಲ ಪೂರ್ತಿ ಮರೆತೆ. ದಸರಾಕ್ಕೆ ತೆಗೆದರೆ ಅಂಗೈಯಗಲ ಜಾಗದಲ್ಲಿ ಬರೀ ಹಾಸು ಹೊಕ್ಕು, ಪೈಲೇ ಇಲ್ಲ. ಬೇವಿನ ಸೊಪ್ಪು, ನುಸಿಗುಳಿಗೆ ಎರಡೂ ಇಟ್ಟಿದ್ದೆ. ಹುಳಕ್ಕೆ ಲೆಕ್ಕವೇ ಇರಲಿಲ್ಲ. ಸಣ್ಣದಾದರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಮಾಮೂಲಿ ಬಿಸಿಗೆ ಬರುವ ತನಕ ಪ್ಲಾಸ್ಟಿಕ್ ಬಿಚ್ಚಬೇಡಿ. ಆಮೇಲೆ ತಿಂಗಳಿಗೊಮ್ಮೆ ತಿರುಗಿಸಿ, ಬೆನ್ನಿಗೆ ವ್ಯಾಕ್ಯೂಮ್ ಹಾಕಿ. ದೊಡ್ಡದನ್ನು ಹಾಸಿ ಬಳಸುವುದೇ ಅದಕ್ಕೆ ಕ್ಷೇಮ.

ಮನೆಯಲ್ಲೇ ತೊಳೆಯಬಹುದಾ?

ಆಂಟಿಕ್ ಆದರೆ ಬೇಡ. ಕೆಂಪು ಬಣ್ಣ ಬಿಳಿಗೆ ಹರಿದರೆ ವಾಪಸ್ ಬರುವುದಿಲ್ಲ. ಡ್ರೈಕ್ಲೀನಿಗೂ ಬೇಡ. ರತ್ನಗಂಬಳಿ ತೊಳೆಯುವವರು ಬೇರೆಯೇ ಇದ್ದಾರೆ. ತೂತಿಗೆ ರಫೂ ಮಾಡುವವರೂ ಸಿಗುತ್ತಾರೆ. ಒಳ್ಳೆಯ ರಫೂ ಮುಖದಲ್ಲಿ ಕಾಣುವುದಿಲ್ಲ, ಬೆನ್ನಿನಲ್ಲಿ ಕಾಣುತ್ತದೆ.

ಅಮೆರಿಕಕ್ಕೆ, ದುಬೈಗೆ ತೆಗೆದುಕೊಂಡು ಹೋಗಬಹುದಾ?

ಹುಷಾರು. 100 ವರ್ಷ ದಾಟಿದ್ದನ್ನು ಭಾರತದಿಂದ ಹೊರಗೆ ಒಯ್ಯುವುದು ಅಪರಾಧ. ಅಜ್ಜನದ್ದೇ ಆಗಿರಲಿ, ಮಗಳ ಮನೆಗೇ ಆಗಿರಲಿ. ನೋಡಲು ಹಳೆಯದಾಗಿ ಕಾಣುವ ಹೊಸದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ "ಇದು ಪ್ರಾಚ್ಯವಸ್ತು ಅಲ್ಲ" ಎಂಬ ಪತ್ರ ಮೊದಲೇ ಮಾಡಿಸಿಕೊಳ್ಳಿ. ಏರ್‌ಪೋರ್ಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಅಮೆರಿಕಕ್ಕೆ ಇನ್ನೊಂದು ತೊಡಕು. ಇರಾನ್ ಮೇಲಿನ ನಿರ್ಬಂಧದಿಂದ ಅಲ್ಲಿನ ರತ್ನಗಂಬಳಿ ತರುವುದಕ್ಕೆ 2010ರಲ್ಲಿ ತಡೆ ಬಿತ್ತು, 2016ರಲ್ಲಿ ತೆರೆಯಿತು, 2018ರಲ್ಲಿ ಮತ್ತೆ ಮುಚ್ಚಿತು. ದುಬೈನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಪರ್ಶಿಯನ್ ಕೊಂಡು ನ್ಯೂಜೆರ್ಸಿಗೆ ಹೊರಡುವ ಮುಂಚೆ ಆ ಹೊತ್ತಿನ ನಿಯಮ ನೋಡಿ.

ಹೂಡಿಕೆಗೆ ಒಳ್ಳೆಯದಾ?

ಸೈಟ್ ತಗೊಳ್ಳಿ.

ಹೊಸಬರು ಮೊದಲು ಏನು ಕೊಳ್ಳಬೇಕು?

ಸಣ್ಣದು. ಬಲೂಚ್ ಅಥವಾ ತುರ್ಕಮೆನ್ ಚೀಲದ ಮುಂಭಾಗ, ಕಿಲಿಮ್‌ನ ತುಂಡು. ಸ್ವಲ್ಪ ಸವೆದಿದ್ದರೂ ಪರವಾಗಿಲ್ಲ. ಸವೆದದ್ದು ನೇಯ್ಗೆ ಕಲಿಸುತ್ತದೆ, ಪೈಲ್ ಹೋದ ಕಡೆ ಗಂಟು ಹೇಗೆ ಕೂತಿದೆ ಅಂತ ಬಿಚ್ಚಿ ತೋರಿಸಿದ ಹಾಗೆ ಕಾಣುತ್ತದೆ. ಹುಳ ತಿಂದ ನನ್ನ ಬಲೂಚ್ ಇದೆಯಲ್ಲ, ಅದೇ ಈಗ ಗೋಡೆಯ ಮೇಲಿರೋದು. ಆ ಅಂಗೈಯಗಲ ಜಾಗಕ್ಕೆ ರಫೂ ಮಾಡಿಸಲಿಲ್ಲ. ಬಂದವರಿಗೆ ಹಾಸು ಯಾವುದು, ಹೊಕ್ಕು ಯಾವುದು ಅಂತ ತೋರಿಸಲು ಬೇಕು.